ಆ ಅಕ್ಕನನ್ನು ಹೊಗಳುವುದು ಸಾಕು

2023ರ ಮಳೆಗಾಲದಲ್ಲಿ ನಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ನನ್ನದೊಂದು ವರದಿ ಬಂತು. ನಾಲ್ಕು ಕಾಲಂ, ಬಣ್ಣದ ಫೋಟೊ, ‘ತಮ್ಮನಿಗೆ ತಾಯಿಯಾದ ಅಕ್ಕ’ ಎನ್ನುವ ಧಾಟಿಯ ತಲೆಬರಹ. ಹದಿಮೂರು ವರ್ಷದ ಹುಡುಗಿ, ಏಳು ವರ್ಷದ ತಮ್ಮ. ಅಪ್ಪ ಕುಡಿಯುತ್ತಾನೆ. ಹೊಡೆತ ತಾಳಲಾರದೆ ಅವ್ವ ತವರಿಗೆ ಹೋದರೆ ಹದಿನೈದು ದಿನ, ಒಮ್ಮೊಮ್ಮೆ ತಿಂಗಳು ಬರುವುದಿಲ್ಲ. ಹುಡುಗಿ ನಸುಕಿನಲ್ಲೆದ್ದು ರೊಟ್ಟಿ ಬಡಿದು, ತಮ್ಮನಿಗೆ ಜಳಕ ಮಾಡಿಸಿ, ಬುತ್ತಿ ಕಟ್ಟಿ, ಅವನನ್ನು ಶಾಲೆಗೆ ಬಿಟ್ಟು ಬಂದು, ಸಮಯ ಉಳಿದರೆ ತಾನು ಶಾಲೆಗೆ ಹೋಗುತ್ತಾಳೆ. ರಾತ್ರಿ ಅಪ್ಪನ ಸಿಟ್ಟು ತಮ್ಮನ ಕಡೆ ತಿರುಗಿದರೆ ಇವಳು ಅಡ್ಡ ನಿಲ್ಲುತ್ತಾಳೆ. ಇದನ್ನೆಲ್ಲ ನಾನು ಚಂದ ಮಾಡಿ ಬರೆದಿದ್ದೆ. ‘ಪುಟ್ಟ ಹೆಗಲು’, ‘ದೊಡ್ಡ ಮನಸ್ಸು’, ‘ನಗುಮೊಗದಿಂದಲೇ’ ಎಂಬ ಪದಗಳೆಲ್ಲ ಇದ್ದವು. ಗುರುತು ಸಿಗಬಾರದೆಂದು ಈಗ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ. ಅಂದು ಪೇಪರಿನಲ್ಲಿ ಏನೂ ಬದಲಿಸಿರಲಿಲ್ಲ. ಹೆಸರು, ಊರು, ಶಾಲೆ, ಮುಖ ಎಲ್ಲ ಹಾಕಿದ್ದೆ.

ಡೆಸ್ಕಿನಿಂದ ಫೋನ್ ಮಾಡಿ ಶಹಬ್ಬಾಸ್ ಅಂದರು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕಟಿಂಗ್ ಓಡಾಡಿತು. ಆ ವರದಿಗೆ ನನಗೆ ಬಂದದ್ದು 250 ರೂಪಾಯಿ. ಅದರ ಚಿಂತೆ ಇರಲಿಲ್ಲ, ಹೆಸರು ಬಂದಿತ್ತಲ್ಲ.

ಸಂಜೆ ನನ್ನ ಅಕ್ಕ ಫೋನ್ ಮಾಡಿದಳು. ಅವಳು ಏಳನೇ ಇಯತ್ತೆಯವರೆಗೆ ಓದಿದವಳು, ನನ್ನ ವರದಿಗಳನ್ನು ಒಂದೂ ಬಿಡದೆ ಓದುತ್ತಾಳೆ.

“ಚಂದ ಬರದೀ ತಮ್ಮಾ. ಆದ್ರ ಆ ಹುಡುಗೀನ ಒಂದ್ ಮಾತು ಕೇಳ್ಬೇಕಿತ್ತು.”

“ಏನಂತ?”

“ನಿನಗ ಸಾಕಾಗೇತೇನವಾ ಅಂತ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನಂತೂ ಯಾರೂ ಕೇಳ್ಲಿಲ್ಲ” ಅಂದಳು. ಆಮೇಲೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಎಷ್ಟಾಗಿದೆ ಎಂದು ಕೇಳಿ ಫೋನಿಟ್ಟಳು.

ಈ ಲೇಖನ ಆ ಫೋನಿನಿಂದ ಹುಟ್ಟಿದ್ದು. ಎರಡು ವರ್ಷ ತಡವಾಗಿ ಬರೆಯುತ್ತಿದ್ದೇನೆ. ಜಗಳ ಮೊದಲು ನನ್ನ ಜೊತೆ, ಆಮೇಲೆ ನಿಮ್ಮ ಜೊತೆ. ಡಿಪ್ಲೊಮಾ ಮುಗಿಸಿ ಊರಿಗೆ ಬಂದು ವರದಿಗಾರಿಕೆ ಮಾಡುತ್ತಿರುವ ನಾವು ಇಂಥ ಮಕ್ಕಳ ಬಗ್ಗೆ ಬರೆಯುವ ರೀತಿಯೇ ತಪ್ಪು ಎನ್ನುವುದು ನನ್ನ ತಕರಾರು. ಸುಮ್ಮನೆ ತಪ್ಪಲ್ಲ, ಅದರಿಂದ ಆ ಮಕ್ಕಳಿಗೆ ಹಾನಿ ಆಗುತ್ತದೆ.

ಮೊದಲು ಆ ವರದಿಯಿಂದ ಏನಾಯಿತು ಹೇಳುತ್ತೇನೆ. ವರದಿ ಓದಿ ಜನ ಮರುಗಿದರು, ಸಹಾಯ ಮಾಡುತ್ತೇವೆ ಎಂದರು. ಹುಡುಗಿಗೆ ಬ್ಯಾಂಕ್ ಖಾತೆ ಇರಲಿಲ್ಲ. ಅವ್ವ ಆಗ ತವರಿನಲ್ಲಿದ್ದಳು. ನಾನು ಅಪ್ಪನ ಖಾತೆ ನಂಬರು ಕೊಟ್ಟೆ. ಹೌದು, ಅದೇ ಅಪ್ಪನದು. ಬೇರೆ ದಾರಿ ಹೊಳೆಯಲಿಲ್ಲ, ಹುಡುಕಲೂ ಇಲ್ಲ. ಮೂವತ್ತು ಸಾವಿರದ ಮೇಲೆ ಹಣ ಬಂತು. ಆತ ಒಂದೂವರೆ ತಿಂಗಳು ಕೂಲಿಗೆ ಹೋಗಲಿಲ್ಲ. ಮೊದಲು ಸಂಜೆ ಮಾತ್ರ ಕುಡಿಯುತ್ತಿದ್ದವನು ಮುಂಜಾನೆಯಿಂದ ಶುರು ಮಾಡಿದ. ಆ ಒಂದೂವರೆ ತಿಂಗಳಲ್ಲಿ ಆ ಮನೆಯಲ್ಲಿ ಬಿದ್ದ ಹೊಡೆತಗಳಲ್ಲಿ ನನ್ನ ನಾಲ್ಕು ಕಾಲಮ್ಮಿನ ಪಾಲಿದೆ.

ಸ್ವಾತಂತ್ರ್ಯ ದಿನಾಚರಣೆಗೆ ಅವಳನ್ನು ಕರೆದು ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಮೈಕಿನಲ್ಲಿ ಎರಡು ಮಾತು. ಅಲ್ಲಿಂದ ಮುಂದೆ ಅವಳಿಗೆ ಬಿಡುಗಡೆಯೇ ಇಲ್ಲದಂತಾಯಿತು. ಒಂದು ದಿನ ತಮ್ಮನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಗೆಳತಿಯರ ಜೊತೆ ಜಾತ್ರೆಗೆ ಹೋಗಿದ್ದಳಂತೆ. ಓಣಿಯ ಹೆಂಗಸೊಬ್ಬರು, “ಪೇಪರ್ನ್ಯಾಗ ಬಂದಾಕಿ ನೀ, ಹಿಂಗ ಮಾಡ್ತಾರೇನು?” ಅಂದರಂತೆ. ಇದನ್ನು ನನಗೆ ಅವಳೇ ಹೇಳಿದಳು, ನಗುತ್ತಲೇ ಹೇಳಿದಳು. ನಾನು ‘ನಗುಮೊಗ’ ಎಂದು ಬರೆದಿದ್ದೆನಲ್ಲ, ಅದು ಇದೇ ನಗು. ಅಳುವ ಮಗುವನ್ನು ಯಾರಾದರೂ ವಿಚಾರಿಸಬಹುದು. ನಗುವ ಮಗುವನ್ನು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ಆ ನಗು ನನಗೆ ಮೊದಲೇ ಗುರುತು ಸಿಗಬೇಕಿತ್ತು. ಯಾಕೆಂದರೆ ನಾನು ಬೆಳೆದದ್ದೇ ಅಂಥ ನಗುವಿನ ಹಿಂದೆ.

ನಮ್ಮಪ್ಪ ಕೆಟ್ಟ ಮನುಷ್ಯ ಆಗಿರಲಿಲ್ಲ, ಇದನ್ನು ಹೇಳಲೇಬೇಕು. ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕುಡಿಯದ ದಿನ ಸಂತೆಯಿಂದ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದು ನಮ್ಮನ್ನು ಕೂರಿಸಿಕೊಂಡು ತಿನ್ನಿಸುತ್ತಿದ್ದ. ಕುಡಿದ ದಿನ ಬೇರೆಯೇ ಮನುಷ್ಯ. ಆಗಿನ್ನೂ ಪಾಕೀಟು ಸಾರಾಯಿ ಇತ್ತು. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಓಣಿಯ ತುದಿಯಲ್ಲಿ ಸೈಕಲ್ಲು ಬರುವ ಸದ್ದಿನಿಂದಲೇ ಇವತ್ತು ಯಾವ ಅಪ್ಪ ಬರುತ್ತಿದ್ದಾನೆ ಎಂದು ಅವಳಿಗೆ ತಿಳಿಯುತ್ತಿತ್ತು. ಸದ್ದು ಅಡ್ಡಾದಿಡ್ಡಿ ಇದ್ದರೆ ಅವಳು ಮೂರು ಕೆಲಸ ಮಾಡುತ್ತಿದ್ದಳು. ಕುಡಗೋಲನ್ನು ಅಟ್ಟದ ಮೇಲೆ ಇಡುವುದು. ಉರಿಯುತ್ತಿರುವ ಒಲೆ ಆರಿಸುವುದು. ನನ್ನನ್ನು ಹಿತ್ತಲ ಬಾಗಿಲಿನಿಂದ ಬಣವೆಯ ಹಿಂದಕ್ಕೆ ಕಳಿಸುವುದು. “ಎಣಸ್ಕೋಂತ ಕುಂದ್ರು, ಐನೂರು ಆಗೂದ್ರಾಗ ಬರ್ತೀನಿ” ಅನ್ನುತ್ತಿದ್ದಳು. ನಾನು ಲೆಕ್ಕದಲ್ಲಿ ಚುರುಕಾದದ್ದು ಹಾಗೆ. ಕೆಲವು ರಾತ್ರಿ ಐನೂರು ಮೂರು ನಾಲ್ಕು ಸಲ ಆಗುತ್ತಿತ್ತು. ಅಷ್ಟು ಹೊತ್ತು ಒಳಗೆ ಏನಾಗುತ್ತಿತ್ತು ಎಂದು ನಾನು ಅವಳನ್ನು ಇವತ್ತಿನವರೆಗೂ ಕೇಳಿಲ್ಲ.

ಏಳನೇ ಇಯತ್ತೆ ಮುಗಿದ ಮೇಲೆ ಅವಳು ಹೈಸ್ಕೂಲಿಗೆ ಹೋಗಲಿಲ್ಲ. ಹೈಸ್ಕೂಲು ಆರು ಕಿಲೋಮೀಟರ್ ದೂರ, ಬರುವುದು ಸಂಜೆ ಆರು ಆಗುತ್ತದೆ, ಅಷ್ಟರಲ್ಲಿ ಅಪ್ಪ ಬಂದಿರುತ್ತಾನೆ, ಮನೆಯಲ್ಲಿ ನಾನೊಬ್ಬನೇ ಇರುತ್ತೇನೆ. ಮನೆಯಲ್ಲಿ ಹೇಳಿದ ಕಾರಣ ‘ಅಕೀಗೆ ಓದು ತಲೀಗೆ ಹತ್ತಲಿಲ್ಲ’ ಎಂದು. ಅದೇ ಕಾರಣ ಶಾಲೆಯ ದಾಖಲೆಯಲ್ಲೂ ಉಳಿಯಿತು. ನಾನೂ ಬಹಳ ವರ್ಷ ಅದನ್ನೇ ನಂಬಿದ್ದೆ. ಅವಳು ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋದಳು. ಗೊತ್ತಿಲ್ಲದವರಿಗೆ ಹೇಳುವುದಾದರೆ, ರಾಣೆಬೆನ್ನೂರು, ಹಾವೇರಿ ಕಡೆ ಹೈಬ್ರಿಡ್ ಬೀಜ ಮಾಡುವ ಹೊಲಗಳಲ್ಲಿ ಹೆಣ್ಣು ಹೂವಿನ ಕೇಸರ ಕಿತ್ತು, ಮರುದಿನ ಗಂಡು ಹೂವಿನ ಪರಾಗ ಸವರುವ ಕೆಲಸ. ಸಣ್ಣ ಬೆರಳು ಬೇಕು ಎಂದು ಹುಡುಗಿಯರನ್ನೇ ಕರೆಯುತ್ತಿದ್ದರು. ಆಮೇಲೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ರಾತ್ರಿ ಕೈ ಉರಿ ತಾಳದೆ ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂರುತ್ತಿದ್ದಳು. ನನ್ನ ಡಿಪ್ಲೊಮಾ ಫೀ ಆ ಕೈಯಿಂದ ಬಂದದ್ದು.

ಈಗ ಅವಳಿಗೆ ನಲವತ್ತು ಆಗುತ್ತಾ ಬಂತು. ಭಾವ ಒಳ್ಳೆಯವನು, ಎಲೆ ಅಡಿಕೆ ಬಿಟ್ಟರೆ ಬೇರೆ ಚಟ ಇಲ್ಲ. ಆದರೂ ಹೋದ ಸಲ ಅವಳ ಮನೆಗೆ ಹೋದಾಗ ನೋಡಿದೆ, ಸಂಜೆ ದೀಪ ಹಚ್ಚಿದ ಕೂಡಲೇ ಅವಳು ಕುಡಗೋಲನ್ನು ಎತ್ತಿ ಅಟ್ಟದ ಮೇಲೆ ಇಟ್ಟಳು. “ಯಾಕಕ್ಕಾ?” ಅಂದೆ. “ರೂಢಿ” ಅಂದಳು.

ಮನೋವೈದ್ಯರಲ್ಲಿ ಇದಕ್ಕೊಂದು ಹೆಸರಿದೆ. ಮಗು ಮನೆಯ ಹಿರಿಯರ ಜಾಗದಲ್ಲಿ ನಿಂತು ಹಿರಿಯರ ಕೆಲಸ ಮಾಡುವುದಕ್ಕೆ ಪೇರೆಂಟಿಫಿಕೇಷನ್ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳನ್ನು ದೊಡ್ಡ ಮಕ್ಕಳು ಸೊಂಟದ ಮೇಲೆ ಹೊತ್ತು ತಿರುಗುವುದು ಹೊಸತಲ್ಲ, ಅದರಲ್ಲಿ ತಪ್ಪೂ ಇಲ್ಲ. ಅವ್ವ ಹೊಲಕ್ಕೆ ಹೋದಾಗ ತಂಗಿಗೆ ಅನ್ನ ಉಣ್ಣಿಸುವುದು ಮನೆಗೆಲಸ. ಅಪ್ಪನ ಕೈಯಿಂದ ತಂಗಿಯನ್ನು ಉಳಿಸುವುದು ಮನೆಗೆಲಸ ಅಲ್ಲ. ನಮ್ಮ ವರದಿಗಳು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ‘ಜವಾಬ್ದಾರಿ ಹೊತ್ತ ಬಾಲಕಿ’ ಎಂದು ಬರೆದು ಮುಗಿಸುತ್ತವೆ.

ಸಿನಿಮಾದವರು ನಮಗೆ ಬೇರೆಯದೇ ಕಲಿಸಿದ್ದಾರೆ. ‘ದೇವರು ಕೊಟ್ಟ ತಂಗಿ’ಯಿಂದ ಹಿಡಿದು ‘ತವರಿಗೆ ಬಾ ತಂಗಿ’ವರೆಗೆ ಕಾಯುವವನು ಅಣ್ಣ, ಅಳುವವಳು ತಂಗಿ. ಟೆಂಟಿನಲ್ಲಿ ಕೂತು ನಾವೂ ಅತ್ತವರೇ. ನಾನು ವರದಿಗೆ ತಿರುಗಿದ ಮನೆಗಳಲ್ಲಿ ಹೆಚ್ಚಾಗಿ ಕಂಡದ್ದು ಅದರ ತಿರುವುಮುರುವು. ಕಾಯುವವಳು ಅಕ್ಕ. ಶಾಲೆ ಬಿಟ್ಟವಳೂ ಅವಳೇ. ಪಿಯುಸಿ ಬಿಟ್ಟು ಗ್ಯಾರೇಜ್ ಸೇರಿದ ಅಣ್ಣಂದಿರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಗ್ಯಾರೇಜ್ ಸೇರಿದ ಅಣ್ಣನನ್ನು ಊರು ‘ಮನಿ ನಡಸಾಂವ’ ಎನ್ನುತ್ತದೆ. ಅಕ್ಕನಿಗೆ ಆ ಹೆಸರೂ ಸಿಗುವುದಿಲ್ಲ, ಬೇಗ ಮದುವೆ ಮಾತ್ರ ಸಿಗುತ್ತದೆ.

ಹಾಗಾದರೆ ದೊಡ್ಡವರೆಲ್ಲ ಎಲ್ಲಿದ್ದಾರೆ? ಪಕ್ಕದಲ್ಲೇ ಇದ್ದಾರೆ. ನಾನು ಬಣವೆಯ ಹಿಂದೆ ಕೂತು ಎಣಿಸುತ್ತಿದ್ದಾಗ ಮೂರು ಮನೆಗಳ ದೀಪ ಕಾಣುತ್ತಿದ್ದವು. ಮೂರೂ ಮನೆಗಳಿಗೆ ನಮ್ಮ ಮನೆಯ ಸದ್ದು ಕೇಳುತ್ತಿತ್ತು. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎನ್ನುವ ಒಂದು ಗಾದೆ ನಮ್ಮ ಊರುಗಳಲ್ಲಿ ಕೆಡಿಸಿದಷ್ಟು ಮನೆಗಳನ್ನು ಸಾರಾಯಿಯೂ ಕೆಡಿಸಿರಲಿಕ್ಕಿಲ್ಲ. ಅದರ ಬೆನ್ನಿಗೇ ಇನ್ನೊಂದು ಗಾದೆ ಇದೆ, ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಎಂದು. ಪಂಚಾಯ್ತಿ ಕಟ್ಟೆಯಲ್ಲಿ ಮೊದಲನೆಯದನ್ನು ನೂರು ಸಲ ಕೇಳಿದ್ದೇನೆ, ಎರಡನೆಯದನ್ನು ನ್ಯಾಯ ಹೇಳುವವರ ಬಾಯಲ್ಲಿ ಒಮ್ಮೆಯೂ ಕೇಳಿಲ್ಲ.

ಪೊಲೀಸರಿಗೂ ಆ ಮೊದಲನೇ ಗಾದೆ ಬಾಯಿಪಾಠ. ಹೋದ ವರ್ಷ ನಮ್ಮ ಕಡೆಯ ಒಂದು ಊರಲ್ಲಿ ಹತ್ತು ವರ್ಷದ ಹುಡುಗ 112ಕ್ಕೆ ಫೋನ್ ಮಾಡಿದ, ಅಪ್ಪ ಅಕ್ಕನನ್ನು ಹೊಡೆಯುತ್ತಿದ್ದಾನೆ ಎಂದು. ಜೀಪು ಬಂತು, ಅದನ್ನು ಒಪ್ಪಬೇಕು, ಬೇಗನೇ ಬಂತು. ಇಳಿದವರು ಅಪ್ಪನಿಗೆ ನಾಲ್ಕು ಬುದ್ಧಿಮಾತು ಹೇಳಿ, ಇಂಥದ್ದಕ್ಕೆಲ್ಲ ಫೋನ್ ಮಾಡಬಾರದು ಎಂದು ಹುಡುಗನಿಗೂ ಹೇಳಿ ಹೋದರು. ಫೋನ್ ಮಾಡಿದ್ದು ಯಾರೆಂದು ಅಪ್ಪನಿಗೆ ಗೊತ್ತಾದದ್ದು ಹಾಗೆ. ಮುಂದಿನದು ಬರೆಯುವುದಿಲ್ಲ. ಆ ರಾತ್ರಿ ಅಡ್ಡ ನಿಂತವಳು ಅಕ್ಕ ಎಂದಷ್ಟೇ ಹೇಳುತ್ತೇನೆ.

ಇನ್ನು ಸರ್ಕಾರ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು. ನಮ್ಮ ಅವ್ವ ಅವತ್ತು ಹನುಮಪ್ಪನ ಗುಡಿಗೆ ಕಾಯಿ ಒಡೆಸಿದ್ದಳು. ಪಾಕೀಟು ಹೋಗಿ ಕಡಿಮೆ ದರದ ವಿಸ್ಕಿಯ 90 ಎಂಎಲ್ ಟೆಟ್ರಾಪ್ಯಾಕ್ ಬಂತು. ಅಂಗಡಿ ಇಲ್ಲದ ಊರಲ್ಲಿ ಕಿರಾಣಿ ಅಂಗಡಿಯ ಅಕ್ಕಿ ಚೀಲದ ಹಿಂದೆ ಅದು ಸಿಗುತ್ತದೆ ಎನ್ನುವುದು ಈ ಬ್ಲಾಗಿನ ಓದುಗರಿಗೆ ಹೊಸ ಸುದ್ದಿ ಅಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಎನ್ನುವ ಪದವನ್ನೇ ನೋಡಿ. ಇಷ್ಟು ಕುಡಿಸಲೇಬೇಕು ಎಂದು ಅರ್ಥ. ಕುಡಿತವನ್ನು ಪೂರ್ತಿ ನಿಷೇಧಿಸಬೇಕು ಎಂಬ ವಾದ ನನ್ನದಲ್ಲ, ನಿಷೇಧದಿಂದ ಕಳ್ಳಬಟ್ಟಿ ಹುಟ್ಟುವುದನ್ನೂ ವರದಿ ಮಾಡಿದ್ದೇನೆ. ಆದರೆ ಆ ದುಡ್ಡು ಯಾವ ಮನೆಗಳಿಂದ ಬರುತ್ತದೋ ಆ ಮನೆಯ ಮಕ್ಕಳನ್ನು ಕಾಯುವ ಖರ್ಚೂ ಆ ದುಡ್ಡಿನ ಲೆಕ್ಕಕ್ಕೇ ಸೇರಬೇಕು. ಈಗ ಆ ಖರ್ಚನ್ನು ಹದಿಮೂರು ವರ್ಷದ ಹುಡುಗಿ ತನ್ನ ಶಾಲೆ ಬಿಟ್ಟು ತುಂಬುತ್ತಿದ್ದಾಳೆ. ನಾವು ಅವಳಿಗೆ ಶಾಲು ಹೊದಿಸುತ್ತೇವೆ.

ಕಾನೂನು ಇಲ್ಲವೇ ಎಂದರೆ, ಇದೆ. ನಾನು ಡಿಪ್ಲೊಮಾದಲ್ಲಿ ಓದಿದ ಪತ್ರಿಕಾ ಕಾನೂನಿನ ಪಾಠದಲ್ಲಿ ಮಾನನಷ್ಟ ಇತ್ತು, ನ್ಯಾಯಾಂಗ ನಿಂದನೆ ಇತ್ತು, ಇದು ಇರಲಿಲ್ಲ. ಅಕ್ಕನ ಫೋನಿನ ಮೇಲೆ ಕೂತು ಓದಿದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’ ಎಂದರೆ ಯಾರು ಎಂದು ವಿವರಿಸಿದ್ದಾರೆ. ತನ್ನನ್ನು ಹೊಡೆದ, ದುಡಿಸಿಕೊಂಡ, ಅಲಕ್ಷ್ಯ ಮಾಡಿದವರ ಜೊತೆಯಲ್ಲೇ ವಾಸವಿರುವ ಮಗುವೂ ಅದರಲ್ಲಿ ಬರುತ್ತದೆ, ಆ ವ್ಯಕ್ತಿ ತಂದೆಯಾದರೂ ಸರಿ. ಅಂದರೆ ನಾನು ‘ದೊಡ್ಡ ಮನಸ್ಸಿನ ಬಾಲಕಿ’ ಎಂದು ಬರೆದ ಹುಡುಗಿಯನ್ನು ಕಾನೂನು ರಕ್ಷಣೆ ಬೇಕಾದ ಮಗು ಎನ್ನುತ್ತದೆ. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇದೆ, ಮಕ್ಕಳ ರಕ್ಷಣಾ ಘಟಕ ಇದೆ, 1098 ಇದೆ. ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ, ಗ್ರಾಮೀಣ ಭಾಗದಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಅದೇ ಕಾಯ್ದೆಯ 74ನೇ ಸೆಕ್ಷನ್, ವಿಚಾರಣೆ ಅಥವಾ ತನಿಖೆಯಲ್ಲಿರುವ ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಯಾವುದನ್ನೂ ಪತ್ರಿಕೆಯಲ್ಲಿ ಹಾಕಕೂಡದು ಎನ್ನುತ್ತದೆ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ನಮ್ಮ ‘ಮಾನವೀಯ ವರದಿ’ ವಿಚಾರಣೆ ಶುರುವಾಗುವ ಮೊದಲೇ ಬಂದುಬಿಡುತ್ತದೆ, ಆದ್ದರಿಂದ ಅಕ್ಷರದ ಮಟ್ಟಿಗೆ ನಾವು ತಪ್ಪಿಸಿಕೊಳ್ಳುತ್ತೇವೆ. ವಿಚಾರಣೆಯೇ ಆಗದಂತೆ ನೋಡಿಕೊಂಡವರಿಗೆ ಇದು ಒಳ್ಳೆಯ ಅನುಕೂಲ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ, ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಹೊಡೆಯುವವನನ್ನೇ ಮನೆ ಬಿಟ್ಟು ಹೊರಗಿರು ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಅವ್ವ ತವರಿಗೆ, ಮಕ್ಕಳು ಬಣವೆಯ ಹಿಂದಕ್ಕೆ, ಆತ ಮಾತ್ರ ನಡುಮನೆಯಲ್ಲಿ ಎಂಬ ಏರ್ಪಾಡು ನಮಗೆ ಎಷ್ಟು ಸಹಜವಾಗಿದೆ ಎಂದರೆ, ಆತನೇ ಹೊರಗೆ ಹೋಗಬಹುದು ಎನ್ನುವ ಯೋಚನೆಯೇ ಬರುವುದಿಲ್ಲ. ನನಗೂ ಮೂವತ್ತು ದಾಟುವವರೆಗೆ ಬಂದಿರಲಿಲ್ಲ.

ಕಾನೂನಿಗೂ ಒಂದು ದೊಡ್ಡ ತೂತಿದೆ, ಅದು ಅರ್ಥವಾಗದಿದ್ದರೆ ಈ ಮಕ್ಕಳು ಯಾಕೆ ಬಾಯಿ ಬಿಡುವುದಿಲ್ಲ ಎನ್ನುವುದು ಅರ್ಥವಾಗುವುದಿಲ್ಲ. ಬಾಲಕಿಯರ ಬಾಲಮಂದಿರ ಬೇರೆ, ಬಾಲಕರ ಬಾಲಮಂದಿರ ಬೇರೆ. ವಸತಿ ಶಾಲೆಗೆ ಹೋಗೋಣವೆಂದರೆ, ಮೊರಾರ್ಜಿ ಶಾಲೆಗಳು ಆರನೇ ತರಗತಿಯಿಂದ. ಹದಿಮೂರರ ಅಕ್ಕನಿಗೆ ಜಾಗ ಸಿಕ್ಕರೂ ಏಳರ ತಮ್ಮನಿಗೆ ಅಲ್ಲಿ ಜಾಗ ಇಲ್ಲ. ಅವನನ್ನು ಕಾಯಲೆಂದೇ ಇಷ್ಟು ಹೊಡೆತ ತಿಂದವಳಿಗೆ, ನಿನ್ನನ್ನು ಉಳಿಸುತ್ತೇವೆ, ಅವನನ್ನು ಬೇರೆ ಕಡೆ ಇಡುತ್ತೇವೆ ಎಂದರೆ ಅವಳು ಏನು ಹೇಳಬೇಕು? ‘ನಮ್ಮ ಮನ್ಯಾಗ ಏನೂ ಇಲ್ರೀ, ಎಲ್ಲಾ ಬರೋಬ್ಬರಿ ಐತ್ರೀ’ ಅನ್ನುತ್ತಾಳೆ. ಅಧಿಕಾರಿಗಳು ಅದನ್ನೇ ಬರೆದುಕೊಂಡು ಹೋಗುತ್ತಾರೆ. ನನ್ನ ಅಕ್ಕ ಮಾಸ್ತರರ ಮುಂದೆ ಇದನ್ನೇ ಹೇಳಿದ್ದಳು, ಹಣೆಯ ಮೇಲೆ ಗಾಯ ಇಟ್ಟುಕೊಂಡು.

ಈ ತಕರಾರನ್ನು ಒಬ್ಬ ಹಿರಿಯ ವರದಿಗಾರರ ಮುಂದೆ ಹೇಳಿದೆ. ಅವರ ಬಗ್ಗೆ ಗೌರವ ಇದೆ, ಹೆಸರು ಬೇಡ. “ಎಲ್ಲಾನೂ ಕಾನೂನಿನ ಕಣ್ಣಾಗ ನೋಡಬ್ಯಾಡೋ. ಅದು ಪ್ರೀತಿ. ಅಕ್ಕ ತಮ್ಮನ ಪ್ರೀತೀನೂ ದೌರ್ಜನ್ಯ ಅಂತೀಯೇನು?” ಅಂದರು. ಇದು ಹಗುರವಾದ ಪ್ರಶ್ನೆ ಅಲ್ಲ. ನನ್ನ ಅಕ್ಕನನ್ನು ಕೇಳಿದರೆ ಅವಳೂ ಪ್ರೀತಿ ಎಂದೇ ಹೇಳುತ್ತಾಳೆ, ಅದು ನಿಜ ಕೂಡ. ಹನ್ನೆರಡು ವರ್ಷದ ಹುಡುಗಿಯ ಪ್ರೀತಿ ಇಷ್ಟು ದೊಡ್ಡದಿದೆ ಎಂದು ಸುತ್ತಲಿನ ನಲವತ್ತು, ಐವತ್ತು ವರ್ಷದವರೆಲ್ಲ ತಮ್ಮ ಪಾಲಿನ ಕೆಲಸವನ್ನು ಅದರ ಮೇಲೆ ಹೇರಿ ಮಲಗಿದರಲ್ಲ, ಅದಕ್ಕೆ ನಾನು ಏನೆನ್ನಲಿ? ಸಾಲಗಾರನ ಒಳ್ಳೆಯತನ ನೋಡಿ ಬಡ್ಡಿ ಏರಿಸುವ ಸಾಹುಕಾರನನ್ನು ನಾವು ಬೈಯುತ್ತೇವಲ್ಲವೇ?

ಅದಲ್ಲದೆ ಆ ಪ್ರೀತಿಯ ಒಳಗೆ ಇನ್ನೂ ಏನೇನೋ ಇರುತ್ತದೆ, ಅದು ನಮ್ಮ ವರದಿಗೆ ಬರುವುದೇ ಇಲ್ಲ. ಸಿಟ್ಟು ಇರುತ್ತದೆ. ಒಮ್ಮೆ, ನಾನು ಎಂಟನೇ ಇಯತ್ತೆ ಇದ್ದಾಗ, ಪರೀಕ್ಷೆಯಲ್ಲಿ ಗಣಿತಕ್ಕೆ ಕಡಿಮೆ ಅಂಕ ತಂದಿದ್ದೆ. ಅಕ್ಕ ನನ್ನ ಕೆನ್ನೆಗೆ ಹೊಡೆದಳು. ಅಪ್ಪನ ಹಾಗೆಯೇ ಹೊಡೆದಳು, ಅದೇ ಕೈ ಬೀಸು. ಆಮೇಲೆ ತನ್ನ ಕೈಯನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದಳು. ‘ತಾಯಿಯಾದ ಅಕ್ಕ’ನಿಗೆ ಈ ಸಿಟ್ಟಿಗೆ ಅವಕಾಶ ಇಲ್ಲ. ಅವಳು ದೇವತೆ, ನೆನಪಿನ ಕಾಣಿಕೆ ತೆಗೆದುಕೊಂಡವಳು. ತಮ್ಮ ಹುಟ್ಟದೇ ಇದ್ದರೆ ನಾನು ಓಡಿಹೋಗಿರುತ್ತಿದ್ದೆ ಎಂದು ಅವಳು ಯಾರ ಮುಂದೆ ಹೇಳಬೇಕು?

ಇನ್ನು ನಮ್ಮ ವಿಷಯ. ನಮ್ಮ ಅಂದರೆ ಕಾಯಿಸಿಕೊಂಡವರದು. ನಮ್ಮ ಬ್ಯಾಚಿನಲ್ಲೇ ಕನಿಷ್ಠ ನಾಲ್ವರು ಅಕ್ಕನ ದುಡಿಮೆಯ ಮೇಲೆ ಓದಿದವರಿದ್ದೇವೆ, ಹಾಸ್ಟೆಲಿನಲ್ಲಿ ರಾತ್ರಿ ಮಾತಾಡಿಕೊಂಡದ್ದು ನೆನಪಿದೆ. ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆಯಲು ಹೋಗುತ್ತೇವೆ, ಸೀರೆ ಕೊಡಿಸುತ್ತೇವೆ, ಫೇಸ್‌ಬುಕ್ಕಿನಲ್ಲಿ ‘ನನ್ನ ಎರಡನೇ ತಾಯಿ’ ಎಂದು ಹಾಕುತ್ತೇವೆ. ನಾನೂ ಹಾಕಿದ್ದೇನೆ.

ಅಪ್ಪ ತೀರಿಕೊಂಡದ್ದು 2017ರಲ್ಲಿ. ಅಜ್ಜನಿಂದ ಬಂದ ಎರಡೂವರೆ ಎಕರೆ ಹೊಲ ಇತ್ತು. ಹಾವೇರಿ ಕಡೆ, ಹಾವೇರಿ ಕಡೆ ಏನು, ಕರ್ನಾಟಕದ ತುಂಬ ಇದಕ್ಕೊಂದು ಪದ್ಧತಿ ಇದೆ. ಅಕ್ಕತಂಗಿಯರನ್ನು ಉಪನೋಂದಣಾಧಿಕಾರಿ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುವುದು, ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ಕೊಡುವುದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು, ದೇಶಕ್ಕೆಲ್ಲ 2005ರಲ್ಲಿ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುವುದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿದಾಗ ಅದರ ಮೇಲೆ ಸ್ಥಳೀಯ ವಕೀಲರ ಅಭಿಪ್ರಾಯ ಸಂಗ್ರಹಿಸಿ ಸುದ್ದಿ ಮಾಡಿದವನು ನಾನೇ. ಮೂರು ವರ್ಷ ಮೊದಲೇ ನನ್ನ ಅಕ್ಕನ ಸಹಿ ಮಾಡಿಸಿಕೊಂಡಾಗಿತ್ತು. ಕೊಟ್ಟದ್ದು ಇಪ್ಪತ್ತು ಸಾವಿರ. ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಅವಳು ಆ ಹಣವನ್ನು ಎಣಿಸದೆ ಚೀಲದಲ್ಲಿ ಇಟ್ಟುಕೊಂಡು, “ಬಸ್ಸಿಗೆ ಹೊತ್ತಾತು” ಅಂದಿದ್ದಳು. ನಾನು ಆವತ್ತು ಬಹಳ ಹಗುರಾಗಿ ಮನೆಗೆ ಬಂದೆ.

ಕುಡುಕ ಅಪ್ಪ ಅವಳ ಶಾಲೆ ಕಸಿದುಕೊಂಡ. ಪತ್ರಿಕೋದ್ಯಮ ಓದಿದ ತಮ್ಮ ಅವಳ ಹೊಲ ಕಸಿದುಕೊಂಡ. ಅಪ್ಪನಿಗಾದರೂ ಅಮಲಿನ ನೆಪ ಇತ್ತು.

ಹೋದ ಪಂಚಮಿಗೆ ಅವಳ ಮನೆಗೆ ಹೋಗಿ, ಅರ್ಧ ಹೊಲ ನಿನ್ನ ಹೆಸರಿಗೆ ದಾನಪತ್ರ ಮಾಡಿಕೊಡುತ್ತೇನೆ ಎಂದೆ. ಅವಳು ಉಂಡಿ ಕಟ್ಟುತ್ತಿದ್ದಳು. ಕೈ ನಿಲ್ಲಿಸದೆ, “ನಿನ್ನ ಹೆಂಡ್ತೀನ ಕೇಳೀಯೇನು?” ಅಂದಳು. ಕೇಳಿರಲಿಲ್ಲ. ಬಂದು ಕೇಳಿದೆ, ಮನೆಯಲ್ಲಿ ಎರಡು ವಾರ ಮಾತು ಬಂದಾಗಿತ್ತು. ನಮಗೂ ಒಬ್ಬ ಮಗ ಇದ್ದಾನೆ, ನನ್ನ ಸಂಪಾದನೆ ನಿಮಗೆಲ್ಲ ಗೊತ್ತೇ ಇದೆ, ಹೆಂಡತಿಯ ಹೆದರಿಕೆ ಸುಳ್ಳಲ್ಲ. ಪತ್ರ ಇನ್ನೂ ಆಗಿಲ್ಲ. ಪಹಣಿ ತೆಗೆಸಿ ಇಟ್ಟಿದ್ದೇನೆ. ಇದನ್ನು ಇಲ್ಲಿ ಬರೆಯುತ್ತಿರುವುದು ಹಿಂದೆ ಸರಿಯದಿರಲಿ ಎಂದು. ಮುಂದಿನ ಪಂಚಮಿಗೆ ನಿಮ್ಮಲ್ಲಿ ಯಾರಾದರೂ ಏನಾಯಿತು ಎಂದು ನನ್ನನ್ನು ಕೇಳಿ.

ವರದಿಯ ವಿಷಯದಲ್ಲೂ ಕೇಳಿ. ಇಂಥ ಮನೆಗೆ ಹೋದಾಗ ಫೋಟೊ ತೆಗೆಯುವ ಮೊದಲು ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿದೆಯಾ ಎಂದು. ಮಗುವಿನ ಬದಲು ಅಧಿಕಾರಿಯನ್ನು ಮಾತಾಡಿಸಿದೆಯಾ ಎಂದು. ಈ ವರ್ಷ ಜಿಲ್ಲೆಯಲ್ಲಿ ಎಷ್ಟು ಮಕ್ಕಳಿಗೆ ಪ್ರಾಯೋಜಕತ್ವ ಮಂಜೂರಾಗಿದೆ, ಅಕ್ಕ ತಮ್ಮಂದಿರನ್ನು ಬೇರೆ ಮಾಡದೆ ಇಡುವುದಕ್ಕೆ ಏನು ವ್ಯವಸ್ಥೆ ಇದೆ, ಆ ಊರಿನ ಕಿರಾಣಿ ಅಂಗಡಿಗೆ ಪೆಟ್ಟಿಗೆ ತಂದು ಇಳಿಸುವವರು ಯಾರು ಎಂದು ಬರೆದರೆ ನಾಲ್ಕು ಕಾಲಂ ಸಿಗಲಿಕ್ಕಿಲ್ಲ. ಡೆಸ್ಕಿನವರು ಅದನ್ನು ಸಿಂಗಲ್ ಕಾಲಮ್ಮಿಗೆ ಇಳಿಸುತ್ತಾರೆ, ಕೆಲವು ಸಲ ಹಾಕುವುದೇ ಇಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಒಬ್ಬ ಹುಡುಗಿ ಎದ್ದುನಿಂತು ನಮ್ಮೂರ ಅಂಗಡಿಯಲ್ಲಿ ಮದ್ಯ ಮಾರುವುದನ್ನು ನಿಲ್ಲಿಸಿ ಎಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಆ ಚಪ್ಪಾಳೆಯನ್ನೇ ಬರೆದು ಕಳಿಸಿದೆ. ಅಂಗಡಿ ಈಗಲೂ ನಡೆದಿದೆ, ಅದರ ಮೇಲೆ ನಾನು ಒಂದು ಸಾಲೂ ಬರೆದಿಲ್ಲ.

ಆ ಹುಡುಗಿಯ ಮನೆಗೆ ಅಕ್ಕ ಹೇಳಿದ ಪ್ರಶ್ನೆ ಹಿಡಿದುಕೊಂಡು ಮತ್ತೆ ಹೋಗಿದ್ದೆ, ಕ್ಯಾಮೆರಾ ಇಲ್ಲದೆ. ಅವ್ವ ವಾಪಸ್ ಬಂದಿದ್ದಳು, ಗೃಹಲಕ್ಷ್ಮಿಯ ಎರಡು ಸಾವಿರ ಬರುವ ದಿನ ಗಂಡ ಬೇಗ ಮನೆಗೆ ಬರುತ್ತಾನೆ ಎಂದು ಹೇಳಿದಳು. ಹುಡುಗಿ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಿನಗೆ ಸಾಕಾಗಿದೆಯೇನವಾ ಎಂದು ಕೇಳಿದೆ. ಅವಳು ನಗಲಿಲ್ಲ. ಆ ಮುಖವನ್ನು ನಾನು ಮೊದಲು ನೋಡಿರಲಿಲ್ಲ. ಸಮಿತಿ, ಹಾಸ್ಟೆಲು, ತಿಂಗಳ ಹಣ ಎಲ್ಲವನ್ನೂ ನನಗೆ ತಿಳಿದಷ್ಟು ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಗೆದ ಅಂಗಿಯನ್ನು ಹಿಂಡುತ್ತ ಒಂದೇ ಮಾತು ಕೇಳಿದಳು.

“ತಮ್ಮನ್ನೂ ನನ್ನ ಕೂಡೇ ಇಡ್ತಾರೇನ್ರೀ ಸರ?”

ಅದನ್ನೇ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಕೊಟ್ಟಿದ್ದೇನೆ, ಅವಳ ಅವ್ವನ ಸಹಿಯ ಜೊತೆ. ಎರಡು ವಿಚಾರಣೆ ಆಗಿವೆ. ಮೂರನೆಯದು ಮುಂದಿನ ಬುಧವಾರ.